ಹಂಚು ಇಳಿಸಿದ ಮೇಲೆ

ಪಣಜಿಯ ಫೊಂತೈನ್ಯಾಸ್ ಕೇರಿಯ ಫೋಟೋಗಳನ್ನು ನೀವು ನೋಡಿಯೇ ಇರುತ್ತೀರಿ. ಹಳದಿ, ನೀಲಿ, ಕಾವಿ ಬಣ್ಣದ ಮನೆಗಳು, ಬಿಳಿ ಅಂಚಿನ ಕಿಟಕಿಗಳು, ಕೆಂಪು ಹಂಚಿನ ಮಾಡು. ಅಂಥದೊಂದು ಮನೆಯ ಮಹಡಿಯಲ್ಲಿ ನಾವು 21 ವರ್ಷ ಬಾಡಿಗೆಗೆ ಇದ್ದೆವು. ಆಮೇಲೆ ಅದನ್ನೇ ಕೊಂಡುಕೊಂಡೆವು. ಕಾಗದಪತ್ರಕ್ಕೆ ಮೂರು ವರ್ಷ ಹಿಡಿಯಿತು, ರಿಪೇರಿಗೆ ಎರಡು ವರ್ಷ. ಈಗ ಊರ ಕಡೆಯಿಂದ ಯಾರಾದರೂ ಫೋನ್ ಮಾಡಿ "ಗೋವಾದಲ್ಲಿ ಒಂದು ಹಳೇ ಪೋರ್ಚುಗೀಸ್ ಮನೆ ತಗೊಂಡು ಹಾಕೋಣ ಅಂತ ಇದ್ದೇವೆ, ಹೇಗೆ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನದು ಕುಮಟಾ. 1994ರಲ್ಲಿ ಮದುವೆಯಾಗಿ ಪಣಜಿಗೆ ಬಂದೆ. ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ. ಮನೆಯ ಒಡತಿಯನ್ನು ನಾವು ಆಂಟಿ ಎನ್ನುತ್ತಿದ್ದೆವು. ಅವರು ನನ್ನನ್ನು "ಬಾಯ" ಎಂದೇ ಕರೆಯುತ್ತಿದ್ದರು. ಮಳೆಗಾಲ ಶುರುವಾದರೆ ಆಂಟಿ ತಮ್ಮ ಪಾತ್ರೆಗಳನ್ನು ಹೊರಗೆ ತೆಗೆಯುತ್ತಿದ್ದರು. ಯಾವ ಸೋರಿಕೆಗೆ ಯಾವ ಪಾತ್ರೆ ಎಂದು ಅವರಿಗೆ ಗೊತ್ತಿತ್ತು. ಹಾಲ್‌ನ ಮೂಲೆಗೆ ತಾಮ್ರದ ಹಂಡೆ, ಮೆಟ್ಟಿಲ ಹತ್ತಿರ ಎರಡು ಬಕೆಟ್ಟು, ಅಡುಗೆಮನೆಯ ಬಾಗಿಲಿಗೆ ಅನ್ನದ ತಪ್ಪಲೆ. ನಾನು ಬಂದಾಗ ನಾಲ್ಕು ಪಾತ್ರೆ ಇದ್ದವು. 2015ರಲ್ಲಿ ಅವರು ತೀರಿಕೊಂಡಾಗ ಹದಿಮೂರು.

ಅವರಿಗೆ ಐದು ಮಕ್ಕಳು. ಒಬ್ಬರೂ ಪಣಜಿಯಲ್ಲಿಲ್ಲ. ಲಿಸ್ಬನ್, ಟೊರಾಂಟೊ, ಮುಂಬೈ ಎಂದು ಹಂಚಿಹೋಗಿದ್ದರು. ಮಾಡು ರಿಪೇರಿ ಮಾಡಿಸಬೇಕು ಎಂದು ಎಲ್ಲರಿಗೂ ಅನಿಸುತ್ತಿತ್ತು, ಆದರೆ ಯಾರು ಮಾಡಿಸಬೇಕು? ಪಾಲು ಎಷ್ಟೆಂದು ಗೊತ್ತಾಗದೆ ಯಾರೂ ದುಡ್ಡು ಹಾಕಲಿಲ್ಲ. ನಮ್ಮ ಕೇರಿಯಲ್ಲಿ ಬೀಗ ಹಾಕಿಕೊಂಡು ಬೀಳುತ್ತಿರುವ ಹೆಚ್ಚಿನ ಮನೆಗಳ ಕಥೆ ಇದೇ. ಬಡತನದಿಂದ ಬಿದ್ದ ಮನೆಗಿಂತ, ಜಾಸ್ತಿ ಮಂದಿ ಒಡೆಯರಿದ್ದು ಬಿದ್ದ ಮನೆಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಇದಕ್ಕೆ ಕಾರಣ ಇಲ್ಲಿನ ಕಾನೂನು. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ 1870ರಿಂದ ಗೋವಾದಲ್ಲಿ ಜಾರಿಗೆ ಬಂತು. ಅದರ ಕುಟುಂಬ ಮತ್ತು ವಾರಸುದಾರಿಕೆಯ ನಿಯಮಗಳು 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೂ ಉಳಿದವು. ಮದುವೆಗೆ ಮುಂಚೆ ಬೇರೆ ಒಪ್ಪಂದ ಬರೆಸಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಅರ್ಧ ಅರ್ಧ. ಒಬ್ಬರು ಹೋದರೆ ಅವರ ಅರ್ಧ ಮಕ್ಕಳಿಗೆ ಸಮಪಾಲು, ಹೆಣ್ಣು ಗಂಡು ಎಂಬ ಭೇದ ಇಲ್ಲ. ಹೆಣ್ಣುಮಕ್ಕಳ ಮಟ್ಟಿಗೆ ಇದು ಎಷ್ಟು ಒಳ್ಳೆಯ ಕಾನೂನು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಮನೆ ಮಾರುವಾಗ ಮಕ್ಕಳ ಜೊತೆ ಸೊಸೆ, ಅಳಿಯಂದಿರೂ ಸಹಿ ಹಾಕಬೇಕಾಗುತ್ತದೆ. ಆಂಟಿಯ ಮಕ್ಕಳಲ್ಲಿ ಮೂವರು ಸಂಸಾರಸ್ಥರು, ಅಲ್ಲಿಗೆ ಆರು ಸಹಿ. ಒಬ್ಬ ಮಗಳು ಮದುವೆಯಾಗಿಲ್ಲ. ಒಬ್ಬ ಮಗ ತೀರಿಕೊಂಡಿದ್ದರು. ಅವರ ಹೆಂಡತಿ, ಮಗ, ಮಗಳು, ಮಗಳ ಗಂಡ. ಒಟ್ಟು ಹನ್ನೊಂದು.

ಮೊದಲು ವಾರಸುದಾರರು ಯಾರು ಯಾರು ಎಂಬ ಪತ್ರ ನೋಟರಿಯ ಹತ್ತಿರ ಆಗಬೇಕು. ಇದು ನಮ್ಮ ಕಡೆ ಕೋರ್ಟಿನ ಹೊರಗೆ ಕೂತ ನೋಟರಿ ಅಲ್ಲ, ಸರ್ಕಾರದ ವಿಶೇಷ ನೋಟರಿ. ಮಕ್ಕಳಲ್ಲಿ ಜಗಳ ಇದ್ದರೆ ಕೋರ್ಟಿನಲ್ಲಿ ಆಸ್ತಿಯ ಪಟ್ಟಿ ಮಾಡಿ ಪಾಲು ಹಂಚುವ ಇನ್ವೆಂಟರಿ ಎಂಬ ಪ್ರಕರಣ ನಡೆಯುತ್ತದೆ, ಅದು ವರ್ಷಗಟ್ಟಲೆ ಎಳೆಯಬಹುದು. ನಮ್ಮ ಪುಣ್ಯಕ್ಕೆ ಆಂಟಿಯ ಮಕ್ಕಳಲ್ಲಿ ಜಗಳ ಇರಲಿಲ್ಲ, ದೂರ ಮಾತ್ರ ಇತ್ತು.

ಆ ದೂರವೇ ಎರಡು ವರ್ಷ ತಿಂದಿತು. ಹೊರದೇಶದಲ್ಲಿರುವವರು ಪವರ್ ಆಫ್ ಅಟಾರ್ನಿಯನ್ನು ಭಾರತದ ಕಾನ್ಸುಲೇಟಿನಲ್ಲಿ ದೃಢಪಡಿಸಿ ಕಳಿಸಿದರು. ಅದು ಇಲ್ಲಿ ಕೈಗೆ ಸಿಕ್ಕಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಬಂದ ಕವರನ್ನು ದೇವರ ಮುಂದೆ ಇಟ್ಟು, ಉಳಿದವರದ್ದು ಬರಲಿ ಎಂದು ಕಾದೆವು. ಮೂರು ತಿಂಗಳು ದಾಟಿಹೋಯಿತು. ಟೊರಾಂಟೊದ ಅಕ್ಕ ಚಳಿಯಲ್ಲಿ ಮತ್ತೊಮ್ಮೆ ಹೋಗಿ ಹೊಸದು ಮಾಡಿಸಿದರು. ಒಂದು ಮಾತೂ ಬೇಸರ ಆಡಲಿಲ್ಲ ಅವರು. ಮತ್ತೊಂದು ವಿಷಯ ನೆನಪಿಡಿ. ಮಾರುವವರು ಅನಿವಾಸಿಗಳಾದರೆ ಅವರ ಪಾಲಿನ ತೆರಿಗೆಯನ್ನು ಕೊಳ್ಳುವವರೇ ಹಿಡಿದು ಕಟ್ಟಬೇಕು. ಅದು ಇಲ್ಲಿರುವವರಿಗೆ ಹಿಡಿಯುವ ಶೇಕಡಾ 1ರಂತೆ ಸಣ್ಣ ಮೊತ್ತ ಅಲ್ಲ. ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ಮಾತಾಡಿ.

ಪತ್ರಗಳದ್ದು ಇನ್ನೊಂದು ಲೋಕ. ಪಣಜಿಯಲ್ಲಿ ನಿವೇಶನಕ್ಕೆ ನಗರ ಸರ್ವೆಯ ಚಲ್ತಾ ನಂಬರ್ ಮತ್ತು ಪಿ.ಟಿ. ಶೀಟ್, ಅಂದರೆ ಸರ್ವೆ ನಕ್ಷೆಯ ಹಾಳೆಯ, ನಂಬರ್ ಇರುತ್ತದೆ, ಒಡೆಯರ ಹೆಸರು ಫಾರ್ಮ್ ಡಿ ಎಂಬ ಕಾರ್ಡಿನಲ್ಲಿ. ಅದರ ಹಿಂದಿನದೆಲ್ಲ ಪೋರ್ಚುಗೀಸ್ ಭಾಷೆಯಲ್ಲಿ, ಕೈಬರಹದಲ್ಲಿ. ಅದನ್ನು ಓದಿ ಇಂಗ್ಲಿಷಿಗೆ ಮಾಡಿಕೊಡುವ ವಯಸ್ಸಾದವರು ಕೆಲವರಿದ್ದಾರೆ. ನಮಗೆ ಓದಿಕೊಟ್ಟವರು ಮನೆಯ ಎಲ್ಲೆಯನ್ನು ಬೆರಳಿಟ್ಟು ಹೇಳಿದರು: ಪಡುವಣಕ್ಕೆ ಗುಡ್ಡ, ಮೂಡಣಕ್ಕೆ ದಾರಿ. ಆ ಗುಡ್ಡ ಈಗಲೂ ನಮ್ಮ ಹಿತ್ತಲ ಗೋಡೆಗೆ ತಾಗಿಕೊಂಡೇ ಇದೆ.

ಬ್ಯಾಂಕು ಸಾಲ ಕೊಡಲಿಲ್ಲ. ನಮ್ಮವರು ಬ್ಯಾಂಕಿನವರೇ ಆದರೂ ಕೊಡಲಿಲ್ಲ. ಬೆಲೆ ಕಟ್ಟಲು ಬಂದವರು ಕಟ್ಟಡದ ಆಯಸ್ಸು ಮುಗಿದಿದೆ ಎಂದು ಬರೆದರು, ಬರೀ ಜಾಗಕ್ಕೆ ಬೆಲೆ ಹಾಕಿದರು. ಕುಮಟಾದ ತೋಟದ ನನ್ನ ಪಾಲು ಮಾರಿ, ಇವರ ನಿವೃತ್ತಿಯ ಹಣ ಸೇರಿಸಿ, ಬಂಗಾರ ಅಡವಿಟ್ಟು ಕೊಂಡೆವು. 2019ರ ಮೇ ತಿಂಗಳಲ್ಲಿ ನೋಂದಣಿ ಆಯಿತು.

ಅದಕ್ಕೂ ಮುಂಚೆ ಒಬ್ಬರು ಬಂದಿದ್ದರು. ನೋಂದಣಿ ಆದ ಮೇಲೆ ನಮ್ಮಿಂದ ಮನೆ ಕೊಂಡು ಹೋಟೆಲ್ ಮಾಡುವ ಆಸೆ ಅವರಿಗೆ. ಒಳ್ಳೆಯ ಬೆಲೆಯನ್ನೇ ಹೇಳಿದರು. ಕೆಳಗಿನ ಮುಂದಿನ ಕೋಣೆಯನ್ನು ಖಾಲಿ ಮಾಡಿಸಿ ಕೊಡಬೇಕು ಎಂಬ ಷರತ್ತು. ಆ ಕೋಣೆಯಲ್ಲಿ ಒಬ್ಬರು ಟೈಲರ್ ಅಂಕಲ್ ಇದ್ದಾರೆ, ನಾವು ಪಣಜಿಗೆ ಬರುವುದಕ್ಕಿಂತ ಮುಂಚಿನಿಂದ. ಗೋವಾದ 1968ರ ಬಾಡಿಗೆ ಕಾಯ್ದೆಯಲ್ಲಿ ಅಂಥವರನ್ನು ಸುಲಭಕ್ಕೆ ಎಬ್ಬಿಸಲು ಬರುವುದಿಲ್ಲ. ಅದಕ್ಕೇ ಬಾಡಿಗೆದಾರರಿರುವ ಮನೆಗೆ ಬೆಲೆ ಕಡಿಮೆ, ದುಡ್ಡು ಕೊಟ್ಟು ಎಬ್ಬಿಸಿದರೆ ಬೆಲೆ ಜಾಸ್ತಿ. ಹಳೇ ಕೇರಿಯಲ್ಲಿ ಹಣ ಹೂಡುವವರ ಲೆಕ್ಕ ಹೆಚ್ಚಾಗಿ ನಡೆಯುವುದೇ ಹೀಗೆ. ನನ್ನ ಮಗಳ ಶಾಲೆಯ ಯೂನಿಫಾರಂ ಹೊಲಿದ ಕೈ ಅದು. ನಾವು ಆಗುವುದಿಲ್ಲ ಎಂದೆವು. ಇದು ಲೆಕ್ಕಕ್ಕೆ ಸರಿಯಾದ ತೀರ್ಮಾನ ಅಲ್ಲ ಎಂದು ಗೊತ್ತಿತ್ತು.

ಈಗ ರಿಪೇರಿಯ ಮಾತು. ಇಡೀ ಕೇರಿ ಸಂರಕ್ಷಣಾ ವಲಯದಲ್ಲಿದೆ. ಹೊರಗಿನ ಗೋಡೆ, ಕಿಟಕಿ, ಮಾಡಿನ ಇಳಿಜಾರು, ಎತ್ತರ ಯಾವುದನ್ನೂ ಮುಟ್ಟುವ ಮುಂಚೆ ಸಂರಕ್ಷಣಾ ಸಮಿತಿಯ ಒಪ್ಪಿಗೆ ಬೇಕು, ನಗರಪಾಲಿಕೆಯ ಲೈಸೆನ್ಸ್ ಬೇಕು. ಇದ್ದದ್ದನ್ನು ಇದ್ದ ಹಾಗೆ ಅಳತೆ ಮಾಡಿದ ನಕ್ಷೆ, ಪ್ರತಿ ಗೋಡೆಯ ಫೋಟೋ ಕೊಟ್ಟೆವು. ಆರು ತಿಂಗಳಾಯಿತು. ಕಾಯುವುದು ಕಷ್ಟ, ಆದರೂ ಈ ನಿಯಮ ಇಲ್ಲದಿದ್ದರೆ ಈ ಕೇರಿಯೇ ಇರುತ್ತಿರಲಿಲ್ಲ. ಪಕ್ಕದ ಬೀದಿಗಳಿಗೆ ಹೋಗಿ ನೋಡಿದರೆ ತಿಳಿಯುತ್ತದೆ.

ನಮ್ಮ ಮೊದಲ ತಪ್ಪು ಗೋಡೆಯದ್ದು. ನವೆಂಬರಿನಲ್ಲಿ ಒಬ್ಬ ಕಂತ್ರಾಟುದಾರ ಬಂದ. ಕೆಳಗಿನ ಎರಡು ಕೋಣೆಯ ಗಾರೆ ಉದುರುತ್ತಿತ್ತು. ಎಲ್ಲ ಕೆತ್ತಿ ತೆಗೆದು ಸಿಮೆಂಟ್ ಪ್ಲಾಸ್ಟರ್ ಹೊಡೆದ, ಮೇಲೆ ಪ್ಲಾಸ್ಟಿಕ್ ಪೇಂಟ್. ನುಣ್ಣಗೆ, ಚೆಂದವಾಗಿ ಕಂಡಿತು. ನಾವೂ ಖುಷಿಪಟ್ಟೆವು.

ಕೇರಿಯ ಹುಟ್ಟು ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಇದೆಲ್ಲ ಒಂದು ಕಾಲದಲ್ಲಿ ಉರೆಂ ಹೊಳೆಯ ಕೆಸರು ಮತ್ತು ತೆಂಗಿನ ತೋಟ. ಮೊಜಾಂಬಿಕ್‌ನಿಂದ ಹಣ ಮಾಡಿಕೊಂಡು ಬಂದ ಆಂಟೋನಿಯೊ ಜೊವಾಂವ್ ದ ಸಿಕ್ವೇರಾ ಎಂಬವರು 18ನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ತೋಟ ಮಾಡಿದರು. ಜನ ಅವರನ್ನು ಮೊಸ್ಮಿಕಾರ್ ಎನ್ನುತ್ತಿದ್ದರು. ಹಳೇ ಗೋವಾ ರೋಗರುಜಿನದಿಂದ ಖಾಲಿಯಾಗುತ್ತಾ ಬಂದಿತ್ತು, ಜನ ಪಣಜಿಯ ಕಡೆ ಸರಿಯುತ್ತಿದ್ದರು. 1843ರಲ್ಲಿ ಪಣಜಿಯೇ ರಾಜಧಾನಿ ಆಯಿತು. ಫೊಂತೈನ್ಯಾಸ್ ಎಂಬ ಹೆಸರೂ ನೀರಿನದ್ದೇ, ಮಳಾ ಗುಡ್ಡದ ಬುಡದ ಬುಗ್ಗೆಯಿಂದ ಬಂದದ್ದು. ಕೆಳಗೆ ಹೊಳೆಯ ನೆಲ, ಹಿಂದೆ ನೀರು ಜಿನುಗುವ ಗುಡ್ಡ. ಮುರಕಲ್ಲಿನ ಗೋಡೆ ಈ ನೀರನ್ನು ಹೀರುತ್ತದೆ. ಸುಣ್ಣದ ಗಾರೆ ಇದ್ದರೆ ಅದು ನಿಧಾನಕ್ಕೆ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಹೊಡೆದರೆ ನೀರಿಗೆ ದಾರಿ ಇಲ್ಲ. 2020ರ ಜುಲೈ ಹೊತ್ತಿಗೆ ನಮ್ಮ ನುಣ್ಣನೆಯ ಗೋಡೆ ಗುಳ್ಳೆ ಎದ್ದಿತು. ಬಿಳಿ ಉಪ್ಪು ಹೊಮ್ಮಿತು. ಆಗಸ್ಟಿನಲ್ಲಿ ಅಂಗೈ ಅಗಲದ ಚಕ್ಕೆಗಳು ಬಿದ್ದವು, ಜೊತೆಗೆ ಕಲ್ಲಿನ ಮೇಲ್ಮೈಯೂ ಕಿತ್ತು ಬಂತು.

ಆದರೆ ಆ ಹೊತ್ತಿಗೆ ಗೋಡೆಗಿಂತ ದೊಡ್ಡ ಚಿಂತೆ ತಲೆಯ ಮೇಲಿತ್ತು.

ಫೆಬ್ರವರಿಯಲ್ಲಿ ಮಾಡು ಬಿಚ್ಚಿದ್ದೆವು. ಕಂತ್ರಾಟುದಾರನನ್ನು ಬಿಟ್ಟು, ಅಂಕೋಲಾ ಕಡೆಯ ಮರಗೆಲಸದ ಆಚಾರ್ರನ್ನು ನಾನೇ ಹುಡುಕಿ ಕರೆಸಿದೆ. ಅವರು ಏಣಿ ಹತ್ತಿ, ಹಂಚನ್ನು ಹೊರುವ ಒಂದೊಂದು ಪಕಾಸಿನ ಮರಕ್ಕೂ ಉಳಿಯ ಹಿಡಿಯಿಂದ ತಟ್ಟಿ ಕೇಳಿದರು. ಇಳಿದು ಬಂದು, "ಅಮ್ಮ, ಮೂರರಲ್ಲಿ ಎರಡು ಪಾಲು ಗಟ್ಟಿ ಉಂಟು. ಗೋಡೆ ಮೇಲೆ ಕೂತ ತುದಿ ಮಾತ್ರ ಒರಲೆ ತಿಂದಿದೆ. ತುದಿ ಕತ್ತರಿಸಿ ಜೋಡಿಸುವ, ಇಡೀ ಮರ ಯಾಕೆ ಬಿಸಾಡುವುದು?" ಎಂದರು. ಮುಂಚಿನವನು ಎಲ್ಲ ತೆಗೆದು ಕಬ್ಬಿಣದ ಪೈಪು ಹಾಕೋಣ ಎಂದಿದ್ದ. ಆಚಾರ್ರ ಆ ಒಂದು ಮಾತಿನಿಂದ ಮನೆಯ ಸಾಗವಾನಿ ಮರ ಮನೆಯಲ್ಲೇ ಉಳಿಯಿತು. ಬೇಕಾದಷ್ಟು ಹೊಸ ತುದಿಗಳಿಗೆ ಕೆಡವಿದ ಮನೆಗಳ ಹಳೇ ಮತ್ತಿ ಮರ ತಂದೆವು.

ಹಂಚು ಇಳಿಸಲು ಬಂದವರು ಬಾಗಲಕೋಟೆ, ವಿಜಯಪುರದ ಕಡೆಯವರು. ಗೋವಾದಲ್ಲಿ ಕಟ್ಟಡ ಕೆಲಸ ಎಂದರೆ ಹೆಚ್ಚಾಗಿ ನಮ್ಮ ಉತ್ತರ ಕರ್ನಾಟಕದವರೇ. ಸುಮಾರು 1,800 ಹಂಚು ಇಳಿದವು. ಅಂಗಳದಲ್ಲಿ ತೊಳೆದು ನಿಲ್ಲಿಸುವಾಗ ಹಿಂಬದಿಯ ಅಚ್ಚು ಕಂಡಿತು. ಬಹಳಷ್ಟು ಮಂಗಳೂರಿನ ಬಾಸೆಲ್ ಮಿಷನ್ ಹಂಚು. ಆ ಕಾರ್ಖಾನೆ ಜೆಪ್ಪುವಿನಲ್ಲಿ ಶುರುವಾದದ್ದು 1865ರಲ್ಲಿ. ನಮ್ಮ ಕರಾವಳಿಯ ಮಣ್ಣು ಇಷ್ಟು ವರ್ಷ ನನ್ನ ತಲೆ ಮೇಲೆಯೇ ಇತ್ತು, ನನಗೆ ಗೊತ್ತೇ ಇರಲಿಲ್ಲ. ಪ್ರತಿ ಹಂಚನ್ನೂ ಬೆರಳಿನಿಂದ ಬಡಿದು ನೋಡಿದೆವು. ಕಂಚಿನ ಹಾಗೆ ನಾದ ಬಂದರೆ ಒಳ್ಳೆಯದು, ಮಂಕಾದರೆ ಒಳಗೆ ಬಿರುಕು. 1,300 ಉಳಿದವು.

ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ನಮ್ಮ ಮನೆಗೆ ಮಾಡು ಇರಲಿಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ. ಆಚಾರ್ರು ಊರಲ್ಲಿ ಸಿಕ್ಕಿಕೊಂಡರು. ಕೆಲಸದವರಲ್ಲಿ ಎರಡು ಸಂಸಾರ ನಮ್ಮ ಕೆಳಗಿನ ಹಿಂದಿನ ಕೋಣೆಯಲ್ಲೇ ಉಳಿಯಿತು. ಅಂಗಡಿ ಮುಚ್ಚಿತ್ತು, ಮೊದಲ ವಾರ ಅಕ್ಕಿಯೂ ಸಿಗಲಿಲ್ಲ. ಟೈಲರ್ ಅಂಕಲ್ ತಮ್ಮ ಮನೆಯ ಅಕ್ಕಿಯಲ್ಲಿ ಅರ್ಧ ತಂದು ಕೊಟ್ಟರು. ನಾನು, ಆ ಹೆಂಗಸರು ಒಟ್ಟಿಗೆ ಅಡುಗೆ ಮಾಡಿದೆವು. ಅವರು ತಟ್ಟುವ ರೊಟ್ಟಿ, ನಾನು ಮಾಡುವ ಹುಳಿ. ಒಂದು ಸಂಜೆ ವಿಜಯಪುರದ ಹುಡುಗಿಗೆ ಮಾಂಡವಿ ದಂಡೆಯ ಆದಿಲ್ ಶಾಹಿ ಅರಮನೆಯ ವಿಷಯ ಹೇಳಿದೆ. ಬಿಜಾಪುರದ ಯೂಸುಫ್ ಆದಿಲ್ ಶಾಹ ಕಟ್ಟಿಸಿದ್ದು, ಆಮೇಲೆ ಪೋರ್ಚುಗೀಸ್ ವೈಸ್‌ರಾಯ್‌ಗಳು ಅದರಲ್ಲೇ ಇದ್ದದ್ದು ಎಂದೆ. "ಹಂಗಾದ್ರ ಈ ಊರಿಗೆ ನಾವು ಹೊಸಬರಲ್ಲ ಬಿಡ್ರಿ ಅಕ್ಕಾರ" ಎಂದಳು.

ಮೇ ತಿಂಗಳಲ್ಲಿ ಅವರಿಗೆ ಊರಿಗೆ ಹೋಗಲು ಬಸ್ಸು ಸಿಕ್ಕಿತು. ಹೋಗುವ ಮುಂಚಿನ ನಾಲ್ಕು ದಿನ ಅವರೇ ಹಟ ಹಿಡಿದು ಇಡೀ ಮಾಡಿಗೆ ತಾಡಪಾಲು ಕಟ್ಟಿದರು. ಹಳೇ ಪಕಾಸುಗಳನ್ನು ಅಡ್ಡ ಇಟ್ಟು, ಹಗ್ಗ ಎಳೆದು, ಗಾಳಿ ಏಳದ ಹಾಗೆ ಮರಳಿನ ಚೀಲ ಕಟ್ಟಿದರು. ಪಣಜಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಆ ಇಡೀ ಮಳೆಗಾಲವನ್ನು ಒಂದು ನೀಲಿ ತಾಡಪಾಲಿನ ಕೆಳಗೆ ಕಳೆದೆವು. ಹದಿಮೂರು ಪಾತ್ರೆ ಸಾಲಲಿಲ್ಲ. ಮಹಡಿಯ ಮರದ ನೆಲದಲ್ಲಿ ಮೂರು ಹಲಗೆ ಉಬ್ಬಿತು. ಅಷ್ಟಕ್ಕೇ ನಿಂತಿತು, ಗೋಡೆಗಳು ನಿಂತವು.

ಅಕ್ಟೋಬರಿನಲ್ಲಿ ಎಲ್ಲರೂ ತಿರುಗಿ ಬಂದರು. ಡಿಸೆಂಬರ್ ಕೊನೆಗೆ, ಕೇರಿಯವರು ನಾತಾಲಿನ ನಕ್ಷತ್ರ ದೀಪ ತೂಗುಹಾಕುವಾಗ, ನಮ್ಮ ಮಾಡಿನ ನೆತ್ತಿಯ ಹಂಚು ಕೂತಿತು.

ಗೋಡೆಯನ್ನು ಹೊಸದಾಗಿ ಶುರು ಮಾಡಿದೆವು. ಈ ಸಲ ಒಬ್ಬ ವಯಸ್ಸಾದ ಗೋವಾದ ಮೇಸ್ತ್ರಿ. ಸಿಮೆಂಟ್ ಪೂರ್ತಿ ಕೆತ್ತಿಸಿ, ಎರಡು ತಿಂಗಳು ಗೋಡೆಯನ್ನು ಸುಮ್ನೆ ಒಣಗಲು ಬಿಡಲು ಹೇಳಿದರು. ಅಷ್ಟರಲ್ಲಿ ಹಿತ್ತಲಲ್ಲಿ ಗುಂಡಿ ತೋಡಿ ಚಿಪ್ಪಿಯ ಸುಣ್ಣ ನೆನೆಹಾಕಿದೆವು. ಕಡಿಮೆಯೆಂದರೆ ಹದಿನೈದು ದಿನ, ಜಾಸ್ತಿ ಆದಷ್ಟೂ ಒಳ್ಳೆಯದು. ಬೆಣ್ಣೆಯ ಹಾಗೆ ಆಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಕಲಸಲು ಬೆಲ್ಲದ ನೀರು. ತೆಳ್ಳಗೆ ಒಂದು ಪದರ ಬಳಿದು, ಗೋಣಿ ಒದ್ದೆ ಮಾಡಿ ಹೊದೆಸಿ, ದಿನಗಟ್ಟಲೆ ಬಿಟ್ಟು ಮತ್ತೊಂದು ಪದರ. ಸಿಮೆಂಟಿನವನು ನಾಲ್ಕು ದಿನದಲ್ಲಿ ಮುಗಿಸಿದ್ದ ಕೋಣೆಗೆ ಮೇಸ್ತ್ರಿ ಆರು ವಾರ ತೆಗೆದುಕೊಂಡರು. ಆಮೇಲೆ ಗುಳ್ಳೆ ಎದ್ದಿಲ್ಲ.

ಏಪ್ರಿಲ್ ಕೊನೆಗೆ ಅದು ಮುಗಿಯಿತು. 2021ರ ಮೇ 15ರ ರಾತ್ರಿಯಿಂದ ತೌಕ್ತೆ ಚಂಡಮಾರುತ. ಕರೆಂಟ್ ಹೋಯಿತು. ಗುಡ್ಡದ ಮೇಲೆ ಮರ ಮುರಿಯುವ ಸದ್ದು. ನಾನು ಎದ್ದು, ಮೋಂಬತ್ತಿ ಹಿಡಿದು, ಆಂಟಿಯ ಪಾತ್ರೆಗಳನ್ನು ಅವುಗಳ ಜಾಗದಲ್ಲಿ ಇಟ್ಟೆ. ಇವರು ಬೈದರು, ಹೊಸ ಮಾಡಿಗೆ ಯಾಕೆ ಇದು ಎಂದು. ಬೆಳಿಗ್ಗೆ ಒಂದೊಂದನ್ನೂ ಹೋಗಿ ನೋಡಿದೆ. ಹನ್ನೆರಡು ಒಣಗಿದ್ದವು. ಅಡುಗೆಮನೆಯ ಬಾಗಿಲ ತಪ್ಪಲೆಯಲ್ಲಿ ಎರಡು ಬೆರಳು ನೀರಿತ್ತು. ತೆಂಗಿನ ಗರಿ ಬಿದ್ದು ಒಂದು ಹಂಚು ಒಡೆದಿತ್ತು. ಒಂದೇ ಒಂದು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಕಿಟಕಿಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಇಲ್ಲಿನ ಹಳೇ ಕಿಟಕಿಗಳಲ್ಲಿ ಗಾಜಿನ ಬದಲು ಸಿಂಪಿಯ ಚಿಪ್ಪು ಇರುತ್ತದೆ. ತೆಳ್ಳಗೆ, ಅರೆಪಾರದರ್ಶಕ. ಚೌಕಾಕಾರಕ್ಕೆ ಕತ್ತರಿಸಿ ಮರದ ಪಟ್ಟಿಗಳ ನಡುವೆ ಸಿಕ್ಕಿಸಿರುತ್ತಾರೆ. ಒಳಗೆ ಬರುವ ಬೆಳಕು ಹಾಲಿನಂತೆ ಇರುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಈ ಸಿಂಪಿಗೆ ಈಗ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹೊಸದು ತೆಗೆಯುವಂತಿಲ್ಲ. ಕೆಟ್ಟ ಕಿಟಕಿಗಳ ಒಳ್ಳೆಯ ಚಿಪ್ಪುಗಳನ್ನೆಲ್ಲ ಬಿಡಿಸಿ ಒಟ್ಟು ಮಾಡಿ, ಬೀದಿಯ ಕಡೆಯ ಮೂರು ಕಿಟಕಿ ಪೂರ್ತಿ ಮಾಡಿದೆವು. ಹಿತ್ತಲ ಕಡೆಗೆ ಗಾಜು ಹಾಕಿದೆವು.

ದುಡ್ಡಿನ ಲೆಕ್ಕ ಕೇಳುವವರಿಗೆ: ರಿಪೇರಿಗೆ ನಾವು ಅಂದಾಜು ಮಾಡಿದ್ದು 18 ಲಕ್ಷ, ಮುಗಿಯುವಾಗ 31 ಲಕ್ಷ ಆಗಿತ್ತು. ಅದರಲ್ಲಿ ಸಿಮೆಂಟ್ ಹೊಡೆದದ್ದು, ಕೆತ್ತಿದ್ದು ಸುಮಾರು ಮೂರು ಲಕ್ಷ. ಮಹಡಿಯ ಎರಡು ಕೋಣೆಗಳನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ ಅತಿಥಿಗಳಿಗೆ ಕೊಡುತ್ತೇವೆ. ಬರುವ ಹಣದಲ್ಲಿ ಬಂಗಾರ ಬಿಡಿಸಿಕೊಂಡೆವು, ವರ್ಷದ ದುರಸ್ತಿ ನಡೆಯುತ್ತದೆ. ಅದೇ ಹಣಕ್ಕೆ ಪೊರ್ವೊರಿಮ್ಮಿನಲ್ಲಿ ಎರಡು ಫ್ಲಾಟ್ ತೆಗೆದಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಡೀ ಮನೆಯನ್ನು ಅತಿಥಿಗಳಿಗೆ ಕೊಟ್ಟಿದ್ದರೂ ಜಾಸ್ತಿ ಬರುತ್ತಿತ್ತು. ಕೇರಿಯಲ್ಲಿ ಸಂಜೆ ದೀಪ ಹಚ್ಚುವ ಮನೆಗಳು ಈಗಲೇ ಕಡಿಮೆ. ಬೆಳಿಗ್ಗೆ ಆರಕ್ಕೇ ಫೋಟೋ ತೆಗೆಯುವವರು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾರೆ, ಒಳಗೆ ಜನ ಇದ್ದಾರೆ ಎಂಬುದೇ ಅವರಿಗೆ ನೆನಪಾಗುವುದಿಲ್ಲ. ಪಕ್ಕದ ಮನೆಯ ಅಜ್ಜಿಗೆ ರಾತ್ರಿ ಹುಷಾರು ತಪ್ಪಿದರೆ ಓಡಿಹೋಗಲು ಬಾರ್‌ನವರಿಂದ ಆಗುತ್ತದೆಯೇ? ನಾವಿರಬೇಕು, ಅಂಕಲ್‌ನ ಹೊಲಿಗೆ ಮಿಷನ್ನಿನ ಸದ್ದು ಇರಬೇಕು. ನನಗೆ ಈ ವಿಷಯದಲ್ಲಿ ಎರಡು ಮನಸ್ಸಿಲ್ಲ.

ಬಣ್ಣಕ್ಕೆ ಮೇಸ್ತ್ರಿ ಮುಂದಿನ ಗೋಡೆಯಲ್ಲಿ ಅಂಗೈಯಷ್ಟು ಜಾಗವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದಿದ್ದರು. ಮೇಲೆ ನಾವು ಕಂಡ ನೀಲಿ, ಅದರ ಕೆಳಗೆ ತೆಳು ಹಸಿರು, ಅದರ ಕೆಳಗೆ ಮತ್ತೆ ಮತ್ತೆ ಹಳದಿ. ಪೋರ್ಚುಗೀಸರ ಕಾಲದಲ್ಲಿ ಪ್ರತಿ ಮಳೆಗಾಲದ ಬಳಿಕ ಬಣ್ಣ ಬಳಿಯಲೇಬೇಕಿತ್ತು. ಬಿಳಿ ಬಣ್ಣ ಇಗರ್ಜಿಗೆ ಮೀಸಲು, ನಮ್ಮ ಬೀದಿ ಕೊನೆಯ ಸಂತ ಸೆಬಾಸ್ಟಿಯನ್ ಚಾಪೆಲ್ ಈಗಲೂ ಬಿಳಿ. ಮನೆಗಳಿಗೆ ಅಂಚಿಗೆ ಮಾತ್ರ ಬಿಳಿ. ಟೊರಾಂಟೊದ ಅಕ್ಕನಿಗೆ ಆ ಪದರಗಳ ಫೋಟೋ ಕಳಿಸಿದೆ. "ಹಳದಿ ನನ್ನ ಅಜ್ಜಿಯ ಕಾಲದ್ದು" ಎಂದು ಬರೆದರು. ಹಳದಿಯನ್ನೇ ಬಳಿದೆವು.

ಸುಣ್ಣದ ಬಣ್ಣ ಒಂದು ಮಳೆಗೆ ಮಾಸುತ್ತದೆ, ಮತ್ತೆ ಬಳಿಯಬೇಕು. ಈ ವಾರ ಗುಂಡಿಯಲ್ಲಿ ಸುಣ್ಣ ನೆನೆಹಾಕಿದ್ದೇವೆ. ಹಿತ್ತಲ ಕಡೆ ಎಂಟು ಹಂಚು ಬದಲಿಸಬೇಕು. ಉಳಿಸಿಟ್ಟ ಹಳೇ ಹಂಚು ಮೆಟ್ಟಿಲ ಕೆಳಗಿವೆ. ಆಚಾರ್ರು ದೀಪಾವಳಿ ಮುಗಿಸಿಕೊಂಡು ಬರುತ್ತೇನೆ ಎಂದಿದ್ದಾರೆ.